ಉಣ್ಣೀರಿ ಆಶಾರಿಯ ಎಡಗಣ್ಣು

ನನ್ನ ಬಾಯಿ ಕೆಟ್ಟದ್ದು ಅಂತ ಕಲ್ಲಾಯಿ ಹೊಳೆಯ ಎರಡೂ ದಡದವರು ಹೇಳ್ತಾರೆ. ಹೇಳಲಿ, ಸುಳ್ಳೇನಲ್ಲ. ಉಣ್ಣೀರಿ ಆಶಾರಿ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದೆ. ಎತ್ತು ಏರಿಗೆ, ಕೋಣ ನೀರಿಗೆ. ಅವರು ಮೀನು ಸಾರಿಗೆ ಹುಣಿಸೆ ಅಂದರೆ ನಾನು ಮಾವಿನಕಾಯಿ ಹೆಚ್ಚುತ್ತಿದ್ದೆ. ಈ ಬೇಸಿಗೆಗೆ ಹೆಂಚು ಕೈಯಾಡಿಸೋಣ ಅಂದರೆ ಮುಂದಿನ ಬೇಸಿಗೆಗೆ ಅಂತಿದ್ದೆ. ಮಕ್ಕಳಾಗಲಿಲ್ಲ. ಅದು ಯಾರ ದೋಷ ಅಂತ ಹತ್ತು ವರ್ಷ ಜಗಳ ಆಡಿ, ಬೇಜಾರಾಗಿ, ಬೇರೆ ವಿಷಯ ಹಿಡಿದೆವು. ಅವರು ಹೋಗಿ ಈಗ ಆರು ವರ್ಷ. ಕಥೆ ಹೇಳು ಅಂದರೆ ಹೇಳ್ತೀನಿ. ಅಳು ಅಂದರೆ ಮಾತ್ರ ಆಗಲ್ಲ, ಅದು ಎಲ್ಲೋ ಮರಗಟ್ಟಿ ಕೂತಿದೆ.

ಹದಿನಾರನೇ ವಯಸ್ಸಿಗೆ ಕಲ್ಲಾಯಿಯ ಮರದ ಮಿಲ್ಲಿಗೆ ಸೇರಿದವರು ಅವರು. ಮೊದಲು ಗರಗಸ, ಆಮೇಲೆ ಉಳಿ, ಕೊನೆಗೆ ಮರ ನೋಡೋ ಕೆಲಸ. ಬೇಪೂರಿನಲ್ಲಿ ಹಡಗು ಕಟ್ಟೋರು ಕೂಡ ದೊಡ್ಡ ದಿಮ್ಮಿ ಆರಿಸೋಕೆ ಅವರನ್ನೇ ಕರೀತಿದ್ದರು. ಉಳಿಯಲ್ಲಿ ಒಂದು ಚಕ್ಕೆ ಎಬ್ಬಿಸಿ, ಎಂಜಲು ಹಚ್ಚಿ, ಮೂಗಿಗೆ ಹಿಡಿಯೋರು. ಇದು ನಿಲಂಬೂರಿನ ತೇಗ, ಇದು ಘಟ್ಟದ ಆಚೆಯದು, ಇದು ಹೆಬ್ಬಲಸು ಆದರೆ ಒಳಗೆ ನೀರು ಕುಡಿದಿದೆ ಅಂತ ಹೇಳೋರು. ಹಲಗೆ ನೆಟ್ಟಗಿದೆಯಾ ಅಂತ ನೋಡಬೇಕಾದರೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಅಂಚು ಹಿಡಿಯೋರು. ಯಾವ ದಾರವೂ ಬೇಕಾಗಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜನ. ಆದರೆ ಮರದ ವಿಷಯದಲ್ಲಿ ಆ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲು ಇರ್ತಿತ್ತು. ಅದನ್ನ ಅವರ ಮುಂದೆ ನಾನು ಯಾವತ್ತೂ ಒಪ್ಪಿಕೊಂಡಿರಲಿಲ್ಲ.

ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬ ಕೆಲಸಕ್ಕೆ ಸೇರಿದ ಮೇಲೆ ಧೂಳು ಕುಡಿದು ಕುಡಿದು ಒಂದು ದಿನ ಮೂಗಿಂದ ರಕ್ತ ಬರುತ್ತೆ. ಅವತ್ತು ಎಲ್ಲರೂ ಗರಗಸ ನಿಲ್ಲಿಸಿ ಅವನ ಸುತ್ತ ನಿಲ್ಲೋರು. "ಮರ ನಿನ್ನ ಒಪ್ಪಿಕೊಂತು ಕಣೋ" ಅಂತ ಬೆನ್ನು ತಟ್ಟೋರು. ಅವನು ಮಿಠಾಯಿ ತೆರುವು ಅನ್ನೋ ಬೀದಿಗೆ ಓಡಿ ಕೆಂಪು ಹಲ್ವಾ ತಂದು ಹಂಚಬೇಕು. ರಕ್ತ ಬರದೆ ಇದ್ದವನನ್ನ ಅರ್ಧ ಆಳು ಅಂತ ಆಡಿಕೊಳ್ಳೋರು. ಹಾಗಾಗಿ ಮೂಗಿನ ರಕ್ತ ಅಂದರೆ ಅಲ್ಲಿ ಯಾರೂ ಹೆದರ್ತಿರಲಿಲ್ಲ.

ವಿಷು ಕಳೆದ ಎರಡನೇ ವಾರ ಆಶಾರಿಗೆ ಮೂಗಿಂದ ರಕ್ತ ಬಂತು. ಐವತ್ತಾರು ವರ್ಷ, ನಲವತ್ತು ವರ್ಷದ ಕೆಲಸ. ಎಡ ಹೊಳ್ಳೆಯಲ್ಲಿ ಮಾತ್ರ. ಅಯ್ಮೂಟ್ಟಿ ಅಂತ ಒಬ್ಬನಿದ್ದ, ದಿಮ್ಮಿ ಉರುಳಿಸೋ ಖಲಾಸಿ, ಆಶಾರಿಗಿಂತ ಹತ್ತು ವರ್ಷ ಚಿಕ್ಕವನು, ಅವರ ನೆರಳಿನ ಹಾಗೆ ಇದ್ದವನು. ಅವನು ಕೂಗಿ ಎಲ್ಲರನ್ನೂ ಸೇರಿಸಿದನಂತೆ. "ಬನ್ರೋ, ನಮ್ಮ ಆಶಾರಿ ಇವತ್ತು ಕೆಲಸಕ್ಕೆ ಸೇರಿದ್ದಾನೆ. ಹಲ್ವಾ ಎಲ್ಲಿ ಆಶಾರಿಯೇ?" ಅಂದನಂತೆ. ಇವರೂ ನಕ್ಕು ಹಲ್ವಾ ತರಿಸಿ ಹಂಚಿದರು. ಉಳಿದದ್ದನ್ನ ಬಾಳೆಲೆಯಲ್ಲಿ ಸುತ್ತಿ ನನಗೂ ತಂದರು.

"ಏನಿದು?" ಅಂದೆ.

"ಮೂಗಿಂದ ರಕ್ತ ಬಂತು. ಹುಡುಗರು ಬಿಡಲಿಲ್ಲ."

"ಮೊಮ್ಮಕ್ಕಳನ್ನ ಆಡಿಸೋ ವಯಸ್ಸಿಗೆ ಹಲ್ವಾ ಹಂಚ್ತಾರಂತೆ. ನಾಚಿಕೆ ಆಗಲ್ವಾ?"

"ತಿನ್ನೋಕೆ ನಿನಗೆ ನಾಚಿಕೆ ಆದರೆ ಇಲ್ಲಿ ಕೊಡು."

ಕೊಡಲಿಲ್ಲ, ತಿಂದೆ. ನಾನು ಜಗಳ ಆಡಿದ್ದು ಹಲ್ವಾಕ್ಕೆ. ರಕ್ತದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆಮೇಲೆ ಆಗಾಗ ಬರ್ತಿತ್ತು. ಬೆಳಿಗ್ಗೆ ದಿಂಬಿನ ಮೇಲೆ ಒಂದು ಕಲೆ, ಟವೆಲಿನ ಮೇಲೆ ಒಂದು ಕಲೆ. ಧೂಳು ಅಂದರು, ಉಷ್ಣ ಅಂದರು, ಎಳನೀರು ಕುಡಿದರು. ಕರ್ಕಾಟಕ ಮಾಸದ ಒಂದು ದಿನ ಒಲೆ ಮೇಲೆ ಒಣಮೀನು ಇಟ್ಟು ನಾನು ಬಾವಿಗೆ ಹೋಗಿದ್ದೆ. ವಾಪಸು ಬರೋವಾಗ ಹೊಗೆ ಬೀದಿಗೆ ಬಂದಿತ್ತು. ಅವರು ಒಲೆಯಿಂದ ನಾಲ್ಕು ಹೆಜ್ಜೆ ದೂರ ಕೂತು ಉಳಿ ಮಸೀತಿದ್ದರು.

"ಮೂಗು ಸತ್ತಿದೆಯಾ ನಿಮಗೆ?" ಅಂತ ಕಿರುಚಿದೆ.

ಬೈಗುಳಕ್ಕೆ ಅಂದದ್ದು. ಅವರು ಉಳಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಸತ್ತಿದೆ. ಎರಡು ತಿಂಗಳಾಯ್ತು" ಅಂದರು. ಮಿಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಚಕ್ಕೆಯನ್ನ ಸುಮ್ಮನೆ ಮೂಗಿಗೆ ಹಿಡಿದು, ಕಣ್ಣಲ್ಲಿ ನಾರು ನೋಡಿ ಮರದ ಹೆಸರು ಹೇಳ್ತಿದ್ದರಂತೆ. ಒಂದು ಸಲವೂ ತಪ್ಪಿರಲಿಲ್ಲ. ಹೇಳಿದರೆ ನಾಳೆಯಿಂದ ಬಾಗಿಲು ಕಾಯೋಕೆ ಹಾಕ್ತಾರೆ ಅನ್ನೋ ಭಯ.

ಓಣಂ ಮುಂಚೆ ಕ್ಷೌರಕ್ಕೆ ಕೂತಾಗ ಕತ್ತಿ ತಾಗಿ ಎಡಗೆನ್ನೆ ಸೀಳಿತು. ಕ್ಷೌರದವನೇ ಗಾಬರಿಯಾದ, ಇವರಿಗೆ ಗೊತ್ತೇ ಆಗಿರಲಿಲ್ಲ. ಕೆನ್ನೆ ಜೋಮು ಹಿಡಿದಿತ್ತು. "ಇದು ನನ್ನ ಕೆನ್ನೆ ಅಲ್ಲ, ಯಾರದೋ ತಂದು ಅಂಟಿಸಿದ್ದಾರೆ" ಅಂತ ನಗೋರು. ಆಮೇಲೆ ಮೇಲಿನ ಎರಡು ಹಲ್ಲು ಅಲ್ಲಾಡಿದವು. ಬಸ್ ಸ್ಟ್ಯಾಂಡ್ ಹತ್ತಿರದ ಹಲ್ಲಿನವನು ಎರಡನ್ನೂ ಕಿತ್ತ. ಕಿತ್ತ ಜಾಗ ಮುಚ್ಚಲಿಲ್ಲ, ಅಲ್ಲಿಂದ ಮಾಂಸ ಬೆಳೀತು. ಅವನು ಔಷಧಿ ಹಚ್ಚಿ ಕಳಿಸಿದ, ಮತ್ತೆ ಹಚ್ಚಿ ಕಳಿಸಿದ. ಮೂರನೇ ಸಲ ನಾನೇ ಜೊತೆಗೆ ಹೋಗಿ ಕೇಳಿದೆ.

"ಸ್ವಾಮಿ, ಹಲ್ಲು ಕಿತ್ತ ಕಡೆ ಹಲ್ಲು ಬರಬೇಕು, ಇಲ್ಲ ಗುಳಿ ಮುಚ್ಚಬೇಕು. ಇದೇನು ಬೆಳೆದಿದೆ?"

"ಸ್ವಲ್ಪ ದಿನ ನೋಡೋಣ."

"ನೀನು ನೋಡ್ತಾ ಕೂತಿರು" ಅಂದು ಇವರ ಕೈ ಹಿಡಿದು ಎಳಕೊಂಡು ಬಂದೆ. ನಾಳೆ ಹೋಗೋಣ ಅಂದರು, ಇವತ್ತೇ ಅಂದೆ. ಅಯ್ಮೂಟ್ಟಿ ಬಂದ ಮೇಲೆ ಹೋಗೋಣ ಅಂದರು, ಅವನೇನು ವೈದ್ಯನಾ ಅಂದೆ. ಆಟೋದಲ್ಲಿ ದಾರಿಯುದ್ದಕ್ಕೂ ಬೈದುಕೊಂಡು ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆ. ಆಟೋದವನು ಕನ್ನಡಿಯಲ್ಲಿ ನೋಡಿ ನಗ್ತಿದ್ದ. ಹಲ್ವಾ ತಿಂದು ಅಷ್ಟೊತ್ತಿಗೆ ಹತ್ತು ತಿಂಗಳಾಗಿತ್ತು.

ಅಲ್ಲಿ ಡಾಕ್ಟರ್ ಈಪ್ಪನ್ ಅಂತ, ಸಣ್ಣ ಧ್ವನಿಯ ಮನುಷ್ಯ. ಮೂಗು ನೋಡೋ ಮುಂಚೆ ಕೆಲಸ ಏನು ಅಂತ ಕೇಳಿದರು.

"ಮರದ ಕೆಲಸ."

"ಎಷ್ಟು ವರ್ಷ?"

"ನಲವತ್ತು."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ದೀಪ ಇರೋ ಸಣ್ಣ ಕಡ್ಡಿಯನ್ನ ಹೊಳ್ಳೆ ಒಳಗೆ ಬಿಟ್ಟು ಬಹಳ ಹೊತ್ತು ನೋಡಿದರು. ಕೆನ್ನೆ ಮೇಲೆ ಹತ್ತಿ ಸವರಿ, ಗೊತ್ತಾಗುತ್ತಾ ಅಂದರು. ಒಂದು ಬೆರಳು ತೋರಿಸಿ, ಒಂದಾ ಎರಡಾ ಅಂದರು. ಒಳಗಿಂದ ಚೂರು ಮಾಂಸ ಕಿತ್ತು ಬಾಟಲಿಯಲ್ಲಿ ಹಾಕಿ ಕಳಿಸಿದರು. ಹೊರಗಿನ ಯಂತ್ರದಲ್ಲಿ ತಲೆ ಇಟ್ಟು ಫೋಟೋ ತೆಗೆಸಿದರು. ಮೂಗಿನ ರಕ್ತ ಯಾವಾಗಿಂದ ಅಂತ ಕೇಳಿದಾಗ ಇವರು ಹಲ್ವಾ ಕಥೆ ಹೇಳಿದರು. ಅಲ್ಲಿದ್ದ ನರ್ಸು ನಕ್ಕಳು. ಡಾಕ್ಟರು ನಗಲಿಲ್ಲ. "ನಿಮ್ಮ ಮಿಲ್ಲಿನಲ್ಲಿ ಇನ್ನೂ ಎಷ್ಟು ಜನ ಹಲ್ವಾ ಹಂಚಿದ್ದಾರೆ?" ಅಂತ ಕೇಳಿದರು.

ಹನ್ನೊಂದನೇ ದಿನ ಫಲಿತಾಂಶ ಬಂತು. ಡಾಕ್ಟರು ಕಾಗದದ ಮೇಲೆ ಮುಖ ಬರೆದು ತೋರಿಸಿದರು. ಕೆನ್ನೆ ಮೂಳೆ ಒಳಗೆ ಒಂದು ಖಾಲಿ ಕೋಣೆ ಇರುತ್ತಂತೆ ಎಲ್ಲರಿಗೂ. ಆ ಕೋಣೆ ತುಂಬ ಕ್ಯಾನ್ಸರ್ ಬೆಳೆದಿದೆ. ಕೆಳಗೆ ನೆಲ ತಿಂದು ಬಾಯಿಗೆ ಬಂದಿದೆ, ಅದಕ್ಕೇ ಹಲ್ಲು ಅಲ್ಲಾಡಿದ್ದು. ಮೇಲೆ ಛಾವಣಿ ಈರುಳ್ಳಿ ಸಿಪ್ಪೆಯಷ್ಟು ತೆಳು, ಅದರ ಮೇಲೆ ಕಣ್ಣು ಕೂತಿದೆ. ಆ ಕಡೆಯ ಅರ್ಧ ಮೇಲ್ದವಡೆ ತೆಗೀಬೇಕು, ಆಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್ನು, ಕೊಡಬೇಕು ಅಂದರು.

ಆಶಾರಿ ಆ ಚಿತ್ರವನ್ನ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಹಲಗೆ ಕೊಳೆತರೆ ನಾವು ಗಟ್ಟಿ ಮರ ಸಿಗೋ ತನಕ ಕೆತ್ತುತೀವಿ. ಒಂದು ಬೆರಳು ಹೆಚ್ಚೇ ಕೆತ್ತುತೀವಿ. ನೀವೂ ಹಾಗೇನಾ?"

"ಹಾಗೇ."

"ಮೇಲೆ ಗಟ್ಟಿ ಸಿಗದಿದ್ರೆ?"

"ಕಣ್ಣಿನ ಸುತ್ತಿನ ತೆಳು ಪದರ ದಾಟಿದ್ರೆ ಕಣ್ಣೂ ತೆಗೀಬೇಕಾಗುತ್ತೆ. ಬಿಚ್ಚಿ ನೋಡಿದ ಮೇಲೇ ಗೊತ್ತಾಗೋದು."

"ಯಾವ ಕಣ್ಣು?" ಅಂದರು ಇವರು, ಗೊತ್ತಿಲ್ಲದವರ ಹಾಗೆ.

"ಎಡಗಣ್ಣು."

ಮನೆಗೆ ಬಂದೆವು. ಅವರ ಕೆನ್ನೆಯ ಜೋಮು ಅವತ್ತು ನನಗೂ ಹತ್ತಿತು ಅಂತ ಕಾಣುತ್ತೆ. ಅನ್ನ ಬೇಯಿಸಿದೆ, ಬಟ್ಟೆ ಒಗೆದೆ, ಬಾವಿಯಿಂದ ನೀರು ಸೇದಿದೆ. ಕೈಗೆ ಬಿಸಿ ತಾಗಿದರೂ ತಡವಾಗಿ ಗೊತ್ತಾಗ್ತಿತ್ತು. ಯಾರಾದರೂ ಬಂದು ಅತ್ತರೆ ಅವರಿಗೆ ಚಹಾ ಕೊಟ್ಟು ಕಳಿಸ್ತಿದ್ದೆ.

ಆಪರೇಷನ್ನಿಗೆ ಎಂಟು ದಿನ ಇರೋವಾಗ ನಮ್ಮ ಕಾವಿನ, ಅಂದರೆ ದೇವರ ಬನದ, ಭಗವತಿ ಮುಂದೆ ನಿಂತೆ. ಹರಕೆ ಅಂದರೆ ಬಿಡೋಕೆ ಕಷ್ಟವಾದದ್ದನ್ನ ಬಿಡಬೇಕು ಅಂತ ನಮ್ಮಮ್ಮ ಹೇಳ್ತಿದ್ದಳು. ಕೋಳಿ, ಎಣ್ಣೆ, ಪಟ್ಟೆ ಸೀರೆ ಎಲ್ಲ ಯಾರು ಬೇಕಾದರೂ ಕೊಡ್ತಾರೆ. ನನ್ನ ಹತ್ತಿರ ಬಿಡೋಕೆ ಇದ್ದದ್ದು ಒಂದೇ. ಅವರು ಆಸ್ಪತ್ರೆಯಿಂದ ನಡೆದುಕೊಂಡು ಮನೆಗೆ ಬರೋ ತನಕ ಅವರ ಮಾತಿಗೆ ಎದುರು ಆಡಲ್ಲ ಅಂದೆ. ಹರಕೆ ಯಾರಿಗೂ ಹೇಳಬಾರದು, ಹೇಳಿದರೆ ಕೆಡುತ್ತೆ. ಹೇಳಲಿಲ್ಲ.

ಅವತ್ತೇ ಮಧ್ಯಾಹ್ನ ಅವರು ಮೀನು ಸಾರಿಗೆ ಹುಣಿಸೆ ಹಾಕು ಅಂದರು. ಹಾಕಿದೆ. ತಟ್ಟೆ ಮುಂದೆ ಕೂತು ನನ್ನನ್ನೇ ನೋಡಿದರು.

"ಏನೇ, ಜ್ವರನಾ ನಿನಗೆ?"

"ಇಲ್ಲ."

"ಮತ್ತೆ?"

"ಊಟ ಮಾಡಿ."

ನನ್ನನ್ನ ಚೇಚಿ, ಅಂದರೆ ಅಕ್ಕ, ಅಂತ ಕರೀತಿದ್ದ ಅಯ್ಮೂಟ್ಟಿ ಕೂಡ ಕೇಳಿದ. "ಚೇಚಿಯ ಬಾಯಿಗೆ ಬೀಗ ಹಾಕಿದ ಪುಣ್ಯಾತ್ಮ ಯಾರು? ನಮ್ಮ ಮನೆಯವಳಿಗೂ ಒಂದು ಬೀಗ ಬೇಕಿತ್ತು" ಅಂದ. ನಾನು ನಗಲಿಲ್ಲ, ಬೈಯಲೂ ಇಲ್ಲ. ಅವನ ನಗು ಅಲ್ಲೇ ನಿಂತು ಹೋಯ್ತು.

ಆಪರೇಷನ್ನಿನ ಬೆಳಿಗ್ಗೆ ಅವರ ಮೀಸೆ ಬೋಳಿಸಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಮೇಲ್ದುಟಿಯನ್ನ ಅವತ್ತೇ ನಾನು ನೋಡಿದ್ದು. ಡಾಕ್ಟರು ಕಾಗದ ತಂದು ಓದಿ ಹೇಳಿದರು. ದವಡೆಗೆ ಒಂದು ಸಹಿ, ಕಣ್ಣಿಗೆ ಒಂದು ಸಹಿ. ದವಡೆಯ ಕಾಗದಕ್ಕೆ ಇವರು ಸಹಿ ಹಾಕಿದರು. ಕಣ್ಣಿನದ್ದನ್ನ ಪಕ್ಕಕ್ಕೆ ಸರಿಸಿದರು.

"ಕಣ್ಣು ನಾನು ಕೊಡಲ್ಲ."

"ಆಶಾರಿ, ಒಳಗೆ ಹೋದ ಮೇಲೆ ಬೇಕೇ ಬೇಕು ಅಂತ ಆದರೆ ನಾನು ಏನು ಮಾಡಲಿ? ಅರ್ಧಕ್ಕೆ ಬಿಡಲಾ?"

ಇವರು ನನ್ನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ಅಷ್ಟು ಬಂದರೆ ಇವಳನ್ನ ಕೇಳಿ" ಅಂದರು. ಡಾಕ್ಟರು ಅದನ್ನೇ ಕಾಗದದ ಮೇಲೆ ಬರೆದುಕೊಂಡು, ಇವರ ಹತ್ತಿರ ಅದಕ್ಕೂ ಸಹಿ ಹಾಕಿಸಿಕೊಂಡು ಹೋದರು.

ಚಕ್ರದ ಮಂಚ ತಳ್ಳೋವಾಗ ಇವರು ನನ್ನ ಸೆರಗು ಹಿಡಿದರು. "ಕಣ್ಣು ಬೇಡ ಅಂತ ನಾನು ಹೇಳಿದ್ದೀನಿ. ಇನ್ನು ನಿನ್ನಿಷ್ಟ" ಅಂದರು. ಮನೆಯಲ್ಲಿ ಯಾವ ಜಗಳ ಶುರುವಾಗೋದಕ್ಕೂ ಮುಂಚೆ ಅವರು ಹೇಳ್ತಿದ್ದ ಮಾತೇ ಅದು. ಹೆಂಚಿಗೂ ಅದೇ, ಹುಣಿಸೆಗೂ ಅದೇ. ನಾನು ತಲೆ ಆಡಿಸಿದೆ.

ನಾನೂ ಅಯ್ಮೂಟ್ಟಿಯೂ ಬೆಂಚಿನ ಮೇಲೆ ಕೂತೆವು. ಅವನು ಜಪಮಾಲೆ ತಿರುಗಿಸ್ತಿದ್ದ. ಮೂರು ಗಂಟೆ ಕಳೆದ ಮೇಲೆ ಬಾಗಿಲು ತೆರೆದು ಡಾಕ್ಟರ್ ಈಪ್ಪನ್ ಹೊರಗೆ ಬಂದರು. ಹಸಿರು ಬಟ್ಟೆ, ಕೈ ಎರಡೂ ಎದೆ ಮುಂದೆ ಎತ್ತಿ ಹಿಡಿದಿದ್ದರು.

"ಕಾರ್ತ್ಯಾಯಿನಿ, ಕೇಳಿ. ಕೆಳಗೆ, ಪಕ್ಕ, ಹಿಂದೆ ಎಲ್ಲ ಕಡೆ ಚೊಕ್ಕಟವಾಗಿ ಸಿಕ್ಕಿದೆ. ಮೇಲೆ ಮಾತ್ರ ಇಲ್ಲ. ಕಣ್ಣಿನ ಸುತ್ತಿನ ಪದರಕ್ಕೆ ತಗುಲಿದೆ. ಕಣ್ಣು ತೆಗೆದರೆ ಪೂರ್ತಿ ತೆಗೆದೆ ಅಂತ ಹೇಳಬಹುದು. ಬಿಟ್ಟರೆ ಕರೆಂಟಿನ ಮೇಲೆ ಭಾರ ಹಾಕಬೇಕು, ಅದು ಎಷ್ಟು ಕೆಲಸ ಮಾಡುತ್ತೆ ಅಂತ ನಾನು ಮಾತು ಕೊಡಲ್ಲ."

'ತೆಗೀರಿ' ಅನ್ನೋದು ನನ್ನ ನಾಲಿಗೆ ತುದಿಗೆ ಬಂದಿತ್ತು. ದೇವರಾಣೆ ಬಂದಿತ್ತು. ಇವರ ಕಣ್ಣು ಯಾರಿಗೆ ಬೇಕು, ಮನುಷ್ಯ ಇರಲಿ, ಕುರುಡನಾದರೂ ಮೂಲೆಯಲ್ಲಿ ಕೂತು ನನ್ನ ಹತ್ತಿರ ಜಗಳ ಆಡಲಿ ಅಂತ ಹೊಟ್ಟೆಯೊಳಗಿಂದ ಕೂಗು ಬಂದಿತ್ತು. ಆದರೆ ಅವರು ಬೇಡ ಅಂದಿದ್ದಾರೆ. ಅದಕ್ಕೆ ಎದುರು ಆಡಿದರೆ ಹರಕೆ ಮುರೀತು. ಹರಕೆ ಮುರಿದು ಕಣ್ಣು ತೆಗೆಸಿದರೆ ಆ ಭಗವತಿ ಬಲಗಣ್ಣನ್ನೂ ಬಿಡಲ್ಲ, ಮೇಜಿನ ಮೇಲೇ ಎಳಕೊಂಡು ಹೋಗ್ತಾಳೆ ಅಂತ ಅನ್ನಿಸಿತು.

"ಅವರು ಬೇಡ ಅಂದಿದ್ದಾರೆ" ಅಂದೆ.

"ಅವರು ಏನಂದ್ರು ಅಂತ ನನಗೆ ಗೊತ್ತು. ನೀವು ಏನಂತೀರಿ?"

ಅಯ್ಮೂಟ್ಟಿ ಜಪಮಾಲೆ ನಿಲ್ಲಿಸಿದ್ದ. "ಚೇಚಿ" ಅಂದ, ಅಷ್ಟೇ.

"ನನ್ನದೂ ಅದೇ" ಅಂದೆ.

ಡಾಕ್ಟರು ಇನ್ನೊಂದು ಸಲ ಕೇಳಿದರು. ನಾನು ಅದನ್ನೇ ಹೇಳಿದೆ. ಅವರು ಒಳಗೆ ಹೋದರು.

ಹದಿನೆಂಟನೇ ದಿನ ಇವರು ನಡೆದುಕೊಂಡೇ ಮನೆಗೆ ಬಂದರು. ಅಂಗುಳಲ್ಲಿ ಗುಂಡಿ, ಅದನ್ನ ಮುಚ್ಚೋಕೆ ಹಲ್ಲಿನ ಸೆಟ್ಟಿನ ಹಾಗಿರೋ ತಟ್ಟೆ. ಅದಿಲ್ಲದಿದ್ರೆ ಕುಡಿದ ಗಂಜಿ ಮೂಗಲ್ಲಿ ಬರ್ತಿತ್ತು, ಮಾತೆಲ್ಲ ಮೂಗಲ್ಲೇ. ಆ ತಟ್ಟೆ ಒಂದು ಕಡೆ ಚುಚ್ಚುತ್ತೆ ಅಂತ ಅರ ತಗೊಂಡು ಉಜ್ಜೋಕೆ ಕೂತರು. ನನ್ನ ಹರಕೆ ಮುಗಿದಿತ್ತು. "ಅದೇನು ಬಾಗಿಲ ಚೌಕಟ್ಟಾ ಉಜ್ಜೋಕೆ? ಕೆಳಗಿಡಿ" ಅಂದೆ.

ಅವರ ಮುಖದಲ್ಲಿ ಬಾಡದೆ ಉಳಿದಿದ್ದ ಬಲ ಅರ್ಧ ಅರಳಿತು. "ಬಂತು ಬಾಯಿ. ಎಲ್ಲಿ ಹೋಗಿತ್ತು?" ಅಂದರು. ಉಜ್ಜೋದು ಬಿಡಲಿಲ್ಲ. ಜಾಸ್ತಿ ಉಜ್ಜಿ ಹಾಳು ಮಾಡಿ, ಆಸ್ಪತ್ರೆಯಲ್ಲಿ ಬೈಸಿಕೊಂಡು, ಹೊಸದು ಮಾಡಿಸಿಕೊಂಡರು.

ಕರೆಂಟು ಕೊಟ್ಟ ಆರು ವಾರ ಬಾಯಿ ತುಂಬ ಹುಣ್ಣು. ಆಮೇಲೆ ಏಳೆಂಟು ತಿಂಗಳು ಚೆನ್ನಾಗಿದ್ದರು. ಮಿಲ್ಲಿನವರು ಸ್ಟೂಲು ಹಾಕಿ ಕೂರಿಸಿದರು, ಹಲಗೆಗಳನ್ನ ಅವರ ಮುಂದೆಯೇ ಹಿಡಿಯೋರು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಅಂಚು ನೋಡಿ, ಬೆರಳಲ್ಲಿ ತೋರಿಸೋರು. ಅಯ್ಮೂಟ್ಟಿ ಎಲ್ಲರಿಗೂ ಮೂಗಿಗೆ ಬಟ್ಟೆ ಕಟ್ಟಿಸಿದ. ಹಲ್ವಾ ನಿಂತಿತು. ಆ ದಿನಗಳಲ್ಲಿ ನಾನು ಮಾಡಿದ್ದು ಸರಿ ಅಂತಲೇ ಅಂದುಕೊಂಡೆ. ಭಗವತಿಗೆ ಎಣ್ಣೆ ಕೊಟ್ಟು ಬಂದೆ.

ಆಮೇಲೆ ಒಂದು ದಿನ ಒಂದು ಹಲಗೆ ಎರಡಾಗಿ ಕಾಣ್ತಿದೆ ಅಂದರು. ಕಣ್ಣು ಮುಂದಕ್ಕೆ ಬರೋಕೆ ಶುರುವಾಯ್ತು. ಡಾಕ್ಟರ್ ಈಪ್ಪನ್ ಫೋಟೋ ನೋಡಿದರು. ಕಣ್ಣಿನ ಹಿಂದಿಂದ ಮೇಲೆ ಹತ್ತಿ ಮೆದುಳಿನ ಹತ್ತಿರ ಹೋಗಿದೆ, ಇನ್ನು ಕತ್ತಿ ಹಾಕೋ ಹಾಗಿಲ್ಲ ಅಂದರು. ನೋವಿಗೆ ಔಷಧಿ ಬರೆದುಕೊಟ್ಟರು. ಬಾಗಿಲ ತನಕ ಬಂದು ಕಳಿಸಿದರು, ನನ್ನ ಮುಖ ನೋಡಲಿಲ್ಲ.

ತುಲಾ ಮಾಸದ ಮಧ್ಯಾಹ್ನ. ಜಗಲಿಯಲ್ಲಿ ಒರಗು ಕುರ್ಚಿ ಹಾಕಿ ಕೂರಿಸಿದ್ದೆ. ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು, ಅದರಲ್ಲಿ ಅಷ್ಟೊತ್ತಿಗೆ ಏನೂ ಕಾಣ್ತಿರಲಿಲ್ಲ. ನಾನು ಚಮಚದಲ್ಲಿ ಗಂಜಿ ಕೊಡ್ತಿದ್ದೆ. ಮೂರನೇ ಚಮಚಕ್ಕೆ ಕೈ ಅಡ್ಡ ಹಿಡಿದರು.

"ಅವತ್ತು ಡಾಕ್ಟರು ಹೊರಗೆ ಬಂದು ನಿನ್ನ ಕೇಳಿದ್ರಾ?"

ವರ್ಷದ ಮೇಲಾಗಿತ್ತು, ಒಂದು ಸಲವೂ ಕೇಳಿರಲಿಲ್ಲ. ಕಣ್ಣು ಉಳಿದದ್ದು ನೋಡಿ, ಅಷ್ಟು ದೂರ ಬಂದೇ ಇರಲಿಲ್ಲ ಅಂತ ನಂಬಿಕೊಂಡಿದ್ದರು.

"ಕೇಳಿದ್ರು."

"ಏನಂದೆ?"

"ನೀವು ಹೇಳಿದ್ದನ್ನೇ ಅಂದೆ."

ಅವರು ಬಲಗಣ್ಣಲ್ಲಿ ನನ್ನನ್ನ ನೋಡಿದರು. ಸಿಟ್ಟು ಇರಲಿಲ್ಲ. ಸಿಟ್ಟು ನನಗೆ ಗೊತ್ತು, ಮೂವತ್ತೊಂದು ವರ್ಷ ನೋಡಿದ್ದೀನಿ. ಅದು ಆಶ್ಚರ್ಯ.

"ನನ್ನ ಬಾಯಲ್ಲಿ ಕೊಡ್ತೀನಿ ಅನ್ನೋಕೆ ಆಗಲಿಲ್ಲ ಕಾರ್ತ್ಯಾಯಿನಿ. ಅದಕ್ಕೇ ನಿನ್ನ ಕೇಳಿ ಅಂದಿದ್ದು. ನಾನು ಬೇಡ ಅಂದದ್ದನ್ನ ನೀನು ಬೇಕು ಅನ್ನದೆ ಇದ್ದ ದಿನ ಒಂದಾದರೂ ಇತ್ತಾ ನಮ್ಮ ಮನೆಯಲ್ಲಿ?"